ಕಣ್ಣಿನ ಪೊರೆ, ಓಝೋನ್ ಮತ್ತು ಕಂಪ್ಯೂಟರಿನ ಲೆಕ್ಕ

ಮನೆಯ ಹಿರಿಯರಿಗೆ ಕಣ್ಣಿನ ಪೊರೆ ಬಂದಾಗ ನಾವು ವಯಸ್ಸನ್ನು ದೂರುತ್ತೇವೆ, ಇಲ್ಲವೇ ಸಕ್ಕರೆ ಕಾಯಿಲೆಯನ್ನು. ಎರಡೂ ನಿಜವೇ. ಆದರೆ ಇನ್ನೊಂದು ಕಾರಣವೂ ಇದೆ, ಅದು ದಿನವೂ ನಮ್ಮ ತಲೆಯ ಮೇಲೆಯೇ ಸುರಿಯುತ್ತಿರುತ್ತದೆ. ಅದೇ ಬಿಸಿಲಿನಲ್ಲಿರುವ ಅತಿನೇರಳೆ ಕಿರಣ. ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ, ಮೀನುದೋಣಿಯಲ್ಲಿ ವರ್ಷಗಟ್ಟಲೆ ಬಿಸಿಲಿಗೆ ಮೈಯೊಡ್ಡಿದವರಲ್ಲಿ ಕಣ್ಣಿನ ಮಸೂರ ಮಸುಕಾಗುವ ಸಂಭವ ಹೆಚ್ಚು. ಬಿಳಿ ಚರ್ಮದವರಲ್ಲಿ ಇದೇ ಕಿರಣ ಚರ್ಮದ ಕ್ಯಾನ್ಸರಿಗೂ ಕಾರಣವಾಗುತ್ತದೆ. ನಮ್ಮ ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ ನಮ್ಮನ್ನು ಬಹುಮಟ್ಟಿಗೆ ಕಾಯುತ್ತದೆ. ಕಣ್ಣಿಗೆ ಆ ಭಾಗ್ಯವಿಲ್ಲ.

ಈ ಕಿರಣದ ಬಹುಪಾಲನ್ನು ಮೇಲೆಯೇ ತಡೆಯುವುದು ಓಝೋನ್ ಅನಿಲ. ನೆಲದಿಂದ ಸುಮಾರು 15ರಿಂದ 35 ಕಿಲೋಮೀಟರ್ ಎತ್ತರದಲ್ಲಿ ಅದು ತೆಳುವಾಗಿ ಹರಡಿಕೊಂಡಿದೆ. ಅದನ್ನೆಲ್ಲ ಕೆಳಗಿಳಿಸಿ ನೆಲದ ಮೇಲೆ ಹಾಸಿದರೆ ಎಷ್ಟು ದಪ್ಪವಾದೀತು ಗೊತ್ತೇ? ಬರೀ 3 ಮಿಲಿಮೀಟರ್! ಎರಡು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟಷ್ಟು.

1974ರಲ್ಲಿ ಅಮೆರಿಕದ ಶೆರ್ವುಡ್ ರೋಲೆಂಡ್ ಮತ್ತು ಮಾರಿಯೊ ಮೊಲಿನಾ ಎಂಬ ರಸಾಯನ ವಿಜ್ಞಾನಿಗಳು ಒಂದು ಎಚ್ಚರಿಕೆ ಕೊಟ್ಟರು. ಫ್ರಿಜ್‌ನಲ್ಲಿ, ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಸಿ.ಎಫ್.ಸಿ. ಅನಿಲಗಳು ಮೇಲೇರಿ ಒಡೆದು ಕ್ಲೋರಿನ್ ಬಿಡುತ್ತವೆ, ಆ ಕ್ಲೋರಿನ್ನಿನ ಒಂದೊಂದು ಪರಮಾಣುವೂ ತಾನು ಕರಗದೆ ಸಾವಿರಾರು ಓಝೋನ್ ಅಣುಗಳನ್ನು ಮುಗಿಸುತ್ತದೆ ಎಂದರು. ಆದರೆ ಇದರಿಂದ ಎಷ್ಟು ಓಝೋನ್ ನಷ್ಟವಾದೀತು? ಆಕಾಶವನ್ನು ಪ್ರಯೋಗಶಾಲೆಗೆ ತರಲಾಗದು. ಹಾಗಾಗಿ ವಿಜ್ಞಾನಿಗಳು ಅದನ್ನು ಕಂಪ್ಯೂಟರಿನೊಳಗೆ ಕಟ್ಟಿದರು.

ಇದನ್ನು ಮನೆಯ ಜಮಾ-ಖರ್ಚಿನ ಪುಸ್ತಕವೆಂದೇ ತಿಳಿಯಿರಿ. ಬಿಸಿಲು ಆಮ್ಲಜನಕದಿಂದ ಓಝೋನ್ ಹುಟ್ಟಿಸುತ್ತದೆ, ಅದು ಜಮಾ. ಕ್ಲೋರಿನ್, ಸಾರಜನಕದ ಆಕ್ಸೈಡುಗಳು ಅದನ್ನು ಒಡೆಯುತ್ತವೆ, ಅದು ಖರ್ಚು. ವಾಯುಮಂಡಲವನ್ನು ಸಾವಿರಾರು ಕಾಲ್ಪನಿಕ ಪೆಟ್ಟಿಗೆಗಳಾಗಿ ಭಾಗಿಸಿ, ಪ್ರತಿಯೊಂದರಲ್ಲೂ ನಿಮಿಷಗಳ ಅಂತರದಲ್ಲಿ ಈ ಲೆಕ್ಕವನ್ನು ಮತ್ತೆ ಮತ್ತೆ ಮಾಡಲಾಗುತ್ತದೆ. ಗಾಳಿ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಏನನ್ನು ಹೊತ್ತೊಯ್ದಿತು ಎಂಬುದನ್ನೂ ಸೇರಿಸಬೇಕು. ಮೊದಮೊದಲ ಮಾದರಿಗಳಲ್ಲಿ ಇಷ್ಟೆಲ್ಲ ಇರಲಿಲ್ಲ. ಇಡೀ ಭೂಮಿಗೆ ಒಂದೇ ಉದ್ದನೆಯ ಗಾಳಿಯ ಕಂಬ, ಅಷ್ಟೇ.

ಆ ಲೆಕ್ಕ ಉಯ್ಯಾಲೆಯಾಡಿತು. ಸಿ.ಎಫ್.ಸಿ. ಬಳಕೆ ಹೀಗೆಯೇ ನಡೆದರೆ ಕೊನೆಗೆ ಶೇಕಡಾ 16ರಷ್ಟು ಓಝೋನ್ ಹೋದೀತು ಎಂದು 1979ರ ಅಂದಾಜು ಹೇಳಿತು. ಪ್ರಯೋಗಶಾಲೆಗಳಲ್ಲಿ ರಾಸಾಯನಿಕ ಕ್ರಿಯೆಗಳ ವೇಗವನ್ನು ಮತ್ತೆ ಅಳೆದು ತಿದ್ದಿದ ಮೇಲೆ, 1984ರ ಹೊತ್ತಿಗೆ ಅದು ಶೇಕಡಾ 2ರಿಂದ 4ಕ್ಕೆ ಇಳಿದಿತ್ತು. ಅಷ್ಟೇ ತಾನೇ ಎಂದು ಅನೇಕರು ನೆಮ್ಮದಿಪಟ್ಟರು.

ಮರುವರ್ಷವೇ ಆ ನೆಮ್ಮದಿ ಕೆಟ್ಟಿತು. ದಕ್ಷಿಣ ಧ್ರುವದ ಹ್ಯಾಲಿ ಬೇ ಕೇಂದ್ರದಲ್ಲಿ ನೆಲದ ಮೇಲಿನ ಸಾದಾ ಉಪಕರಣದಿಂದ ದಶಕಗಳ ಕಾಲ ಓಝೋನ್ ಅಳೆಯುತ್ತಿದ್ದ ಬ್ರಿಟನ್ನಿನ ಜೋಸೆಫ್ ಫಾರ್ಮನ್ ಮತ್ತು ಸಂಗಡಿಗರು, ಅಕ್ಟೋಬರ್ ತಿಂಗಳ ಓಝೋನಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಾಯವಾಗಿದೆ ಎಂದು 1985ರಲ್ಲಿ ಪ್ರಕಟಿಸಿದರು. ಯಾವ ಕಂಪ್ಯೂಟರೂ ಇದನ್ನು ಮುಂಚಿತವಾಗಿ ಹೇಳಿರಲಿಲ್ಲ. ಏಕೆ? ಪುಸ್ತಕದಲ್ಲಿ ಖರ್ಚಿನ ಒಂದು ಬಾಬ್ತೇ ಬಿಟ್ಟುಹೋಗಿತ್ತು. ಧ್ರುವದ ಚಳಿಗಾಲದಲ್ಲಿ, ಸೊನ್ನೆಗಿಂತ 78 ಡಿಗ್ರಿಗೂ ಕೆಳಗಿನ ಶೀತದಲ್ಲಿ, ಆ ಎತ್ತರದಲ್ಲೂ ಮೋಡ ಕಟ್ಟುತ್ತದೆ. ಆ ಮೋಡದ ಹಿಮಕಣಗಳ ಮೇಲೆ, ತೆಪ್ಪಗಿದ್ದ ಕ್ಲೋರಿನ್ ಸಂಯುಕ್ತಗಳು ಎಚ್ಚರಗೊಳ್ಳುತ್ತವೆ. ವಸಂತದ ಮೊದಲ ಬಿಸಿಲು ಬೀಳುತ್ತಲೇ ಸಂಹಾರ ಶುರು. ಸೂಸನ್ ಸೊಲೊಮನ್ ಮತ್ತು ಸಹೋದ್ಯೋಗಿಗಳು 1986ರಲ್ಲಿ ಮುಂದಿಟ್ಟ ಈ ವಿವರಣೆಗೆ, ಮರುವರ್ಷ ವಿಮಾನದಲ್ಲಿ ಧ್ರುವದ ಮೇಲೆಯೇ ಹಾರಿ ಮಾಡಿದ ಅಳತೆಗಳು ಪುಷ್ಟಿ ಕೊಟ್ಟವು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಭಾರತ 1992ರಲ್ಲಿ ಸೇರಿತು.

ಒಮ್ಮೆ ತಪ್ಪಿದ ಲೆಕ್ಕವನ್ನು ಮತ್ತೇಕೆ ನಂಬಬೇಕು ಎಂದು ನೀವು ಕೇಳಬಹುದು. ಕೇಳಲೇಬೇಕು. ಬಿಟ್ಟುಹೋದ ಬಾಬ್ತು ಸೇರಿಸಿದ ಮೇಲೆ ಮಾದರಿಗಳು ಹಿಂದಿನ ವರ್ಷಗಳ ಓಝೋನ್ ರಂಧ್ರವನ್ನು ಸರಿಯಾಗಿ ಮರುಚಿತ್ರಿಸತೊಡಗಿದವು. ಅಂಥ ಮಾದರಿಗೆ ಅಮೆರಿಕದ ನಾಸಾದ ಪಾಲ್ ನ್ಯೂಮನ್ ತಂಡ 2009ರಲ್ಲಿ ಒಂದು ವಿಚಿತ್ರ ಪ್ರಶ್ನೆ ಹಾಕಿತು: ಒಪ್ಪಂದವೇ ಆಗದೆ ಇದ್ದಿದ್ದರೆ? ಉತ್ತರ ಗಾಬರಿ ಹುಟ್ಟಿಸುವಂಥದು. 2065ರ ಹೊತ್ತಿಗೆ ಜಗತ್ತಿನ ಮೂರನೇ ಎರಡು ಭಾಗ ಓಝೋನ್ ಇಲ್ಲವಾಗುತ್ತಿತ್ತು. ವಾಷಿಂಗ್ಟನ್ನಿನಂಥ ಊರಿನ ಬೇಸಿಗೆಯ ಮಧ್ಯಾಹ್ನದಲ್ಲಿ ಐದೇ ನಿಮಿಷಕ್ಕೆ ಚರ್ಮ ಸುಡುತ್ತಿತ್ತು. ನಮಗೆ ಮುಖ್ಯವಾದದ್ದು ಇನ್ನೊಂದು. ಧ್ರುವದಲ್ಲಿ ನಡೆದಂಥ ಓಝೋನ್ ಕುಸಿತ 2050ರ ದಶಕದಲ್ಲಿ ಉಷ್ಣವಲಯದ ಮೇಲೂ, ಅಂದರೆ ನಮ್ಮ ತಲೆಯ ಮೇಲೂ, ಆಗುತ್ತಿತ್ತು.

ಓಝೋನ್ ಲೆಕ್ಕಕ್ಕೆ ಕಾಯಿಲೆಯ ಲೆಕ್ಕ ಜೋಡಿಸಿದ ಇನ್ನೊಂದು ಮಾದರಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯದು. 1890ರಿಂದ 2100ರ ನಡುವೆ ಹುಟ್ಟಿದ, ಹುಟ್ಟಲಿರುವ ಅಮೆರಿಕನ್ನರಲ್ಲೇ ಈ ಒಪ್ಪಂದದಿಂದ ಸುಮಾರು 44 ಕೋಟಿ ಚರ್ಮದ ಕ್ಯಾನ್ಸರ್ ಪ್ರಕರಣಗಳೂ 6 ಕೋಟಿಗೂ ಹೆಚ್ಚು ಕಣ್ಣಿನ ಪೊರೆಗಳೂ ತಪ್ಪುತ್ತವೆಂದು ಅದರ 2020ರ ಅಂದಾಜು. ಬಾರದೆ ಹೋದ ಕಾಯಿಲೆಯನ್ನು ಯಾವ ವೈದ್ಯನೂ ಕಾಣಲಾರ, ಕಂಪ್ಯೂಟರ್ ಮಾತ್ರ ಎಣಿಸಬಲ್ಲದು.

ಮಾದರಿಗಳು ಪತ್ತೇದಾರಿಕೆಯನ್ನೂ ಮಾಡುತ್ತವೆ. ನಿಷೇಧಿತ ಸಿ.ಎಫ್.ಸಿ.-11 ನಿರೀಕ್ಷಿಸಿದಷ್ಟು ವೇಗವಾಗಿ ಇಳಿಯುತ್ತಿಲ್ಲವೆಂದು 2018ರಲ್ಲಿ ತಿಳಿದಾಗ, ಕೊರಿಯಾ ಮತ್ತು ಜಪಾನಿನ ದ್ವೀಪಗಳಲ್ಲಿ ದೊರೆತ ಅಳತೆಗಳಿಂದ ಗಾಳಿಯ ಜಾಡನ್ನು ಹಿಂದಕ್ಕೆ ಓಡಿಸಿ, ಹೆಚ್ಚಳದ ದೊಡ್ಡ ಪಾಲು ಪೂರ್ವ ಚೀನಾದಿಂದ ಎಂದು ಮರುವರ್ಷ ಗುರುತಿಸಿದರು. ಆಮೇಲೆ ಅದು ಇಳಿಯಿತು. ಈಗಿನ ಕ್ರಮಗಳು ಮುಂದುವರಿದರೆ ಧ್ರುವಗಳ ಹೊರಗೆ 2040ರ ಸುಮಾರಿಗೆ, ದಕ್ಷಿಣ ಧ್ರುವದಲ್ಲಿ 2066ರ ಸುಮಾರಿಗೆ ಓಝೋನ್ 1980ರ ಮಟ್ಟಕ್ಕೆ ಮರಳೀತು.

ಅಂದಮಾತ್ರಕ್ಕೆ ನೀವು ಛತ್ರಿ ಮೂಲೆಗಿಡಬೇಡಿ. ಸೂರ್ಯ ನೆತ್ತಿಯ ಮೇಲೆ ಬರುವ ನಮ್ಮ ನಾಡಿನಲ್ಲಿ ಓಝೋನ್ ಪದರ ಸಹಜವಾಗಿಯೇ ತುಸು ತೆಳು. ಹನ್ನೊಂದರಿಂದ ಮೂರರವರೆಗಿನ ಬಿಸಿಲಿಗೆ ಹೋಗಲೇಬೇಕಾದರೆ ಅಗಲ ಅಂಚಿನ ಟೋಪಿ ಅಥವಾ ಛತ್ರಿ ಇರಲಿ. ತಂಪು ಕನ್ನಡಕ ಕೊಳ್ಳುವಾಗ ಬಣ್ಣ ನೋಡಿ ಮರುಳಾಗಬೇಡಿ, ಅತಿನೇರಳೆ ಕಿರಣ ತಡೆಯುವ 'ಯು.ವಿ. 400' ಗುರುತು ಇದೆಯೇ ಕೇಳಿ. ಆ ಗುಣವಿಲ್ಲದ ಬರೀ ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಹಿಗ್ಗಿ ಒಳಕ್ಕೆ ಇನ್ನಷ್ಟು ಕಿರಣ ನುಗ್ಗಬಹುದು. ಮಕ್ಕಳ ಕಣ್ಣಿನ ಮಸೂರವಂತೂ ದೊಡ್ಡವರದಕ್ಕಿಂತ ತಿಳಿ, ಅದರ ಮೂಲಕ ಈ ಕಿರಣ ಹೆಚ್ಚು ಒಳಹೋಗುತ್ತದೆ. ಬೇಸಿಗೆ ರಜೆಯಲ್ಲಿ ಕ್ರಿಕೆಟ್ಟಿಗೆ ಓಡುವ ಹುಡುಗನ ತಲೆಗೆ ಮೊದಲು ಟೋಪಿ ಹಾಕಿ ಕಳಿಸಿ.