ಕ್ಷಯರೋಗದ ವಿದ್ಯೆಯು ದೇಶದಿಂದ ದೇಶಕ್ಕೆ ನಡೆದ ಬಗೆ

ಕನಕಪುರ ತಾಲ್ಲೂಕಿನ ನಮ್ಮ ಕೋಡಿಹಳ್ಳಿಯ ಸೀಮೆಯಲ್ಲಿ ಯಾರಿಗಾದರೂ ಕೆಮ್ಮು ಹಿಡಿದು ತಿಂಗಳಾದರೂ ಬಿಡದಿದ್ದರೆ, ಮನೆಯವರು ಆ ರೋಗದ ಹೆಸರನ್ನು ಬಾಯಲ್ಲಿ ಆಡಲು ಅಂಜುವರು. ಮದುವೆಗೆ ಬೆಳೆದ ಹೆಣ್ಣುಮಕ್ಕಳಿದ್ದರಂತೂ ಹೇಳತಕ್ಕದ್ದೇ ಇಲ್ಲ. ಈ ಅಂಜಿಕೆ ಬಹಳ ಹಳೆಯದು. ರೋಹಿಣಿಯೊಬ್ಬಳಲ್ಲಿಯೇ ಅನುರಕ್ತನಾದ ಚಂದ್ರನಿಗೆ ಮಾವನಾದ ದಕ್ಷನ ಕೋಪದಿಂದ ಈ ವ್ಯಾಧಿಯುಂಟಾಯಿತೆಂದು ಚರಕಸಂಹಿತೆಯಲ್ಲಿ ಹೇಳಿದೆ. ನಕ್ಷತ್ರರಾಜನಿಗೆ ಮೊದಲು ಬಂದುದರಿಂದ ರಾಜಯಕ್ಷ್ಮವೆಂಬ ಹೆಸರು. ಅಶ್ವಿನೀದೇವತೆಗಳು ಚಂದ್ರನನ್ನು ಗುಣಪಡಿಸಿದರೆಂಬ ಉತ್ತರಾರ್ಧವನ್ನು ಮಾತ್ರ ನಮ್ಮ ಜನರು ಮರೆತುಬಿಟ್ಟರು.

ಪೂರ್ವದಲ್ಲಿ ಈ ರೋಗಿಗಳಿಗೆ ಊರಾಚೆಯ ಆರೋಗ್ಯಧಾಮವೇ ಗತಿಯಾಗಿದ್ದಿತು. ಒಳ್ಳೆಯ ಗಾಳಿ, ಹಾಸಿಗೆ, ಪುಷ್ಟಿಯ ಆಹಾರ ಇವು ಬಡವನಿಗೆ ದೊರೆಯುವುದೆಲ್ಲಿ? 1956ರಲ್ಲಿ ಮದ್ರಾಸಿನಲ್ಲಿ ಒಂದು ಸಂಶೋಧನ ಕೇಂದ್ರವು ಸ್ಥಾಪಿತವಾಗಿ, ಅಲ್ಲಿನ ವೈದ್ಯರು 193 ಮಂದಿ ಬಡರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಆರೋಗ್ಯಧಾಮದಲ್ಲಿಯೂ ಇನ್ನೊಂದನ್ನು ಅವರವರ ಇಕ್ಕಟ್ಟಾದ ಮನೆಗಳಲ್ಲಿಯೂ ಇರಿಸಿ, ಒಂದೇ ಔಷಧವನ್ನು ಒಂದು ವರ್ಷಕಾಲ ಕೊಟ್ಟರು. ಮನೆಯಲ್ಲಿದ್ದವರೂ ಹೆಚ್ಚುಕಡಮೆ ಅಷ್ಟೇ ಚೆನ್ನಾಗಿ ಗುಣಹೊಂದಿದರು. ಅವರಿಂದ ಮನೆಮಂದಿಗೆ ಹೆಚ್ಚಿನ ಅಪಾಯವೂ ಕಂಡುಬರಲಿಲ್ಲ. 1959ರಲ್ಲಿ ಈ ವರದಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಲು, ಬಡದೇಶಗಳಿಗೆಲ್ಲ ಅದು ದಾರಿದೀಪವಾಯಿತು.

ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಹುಟ್ಟಿತು. ನಮ್ಮ ಮಾಗಡಿಯ ನೆರೆಯದೇ ಆದ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ, ರೋಗಿಗಳನ್ನು ಕಂಡು ವಿಚಾರಿಸಿ, ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ವಿದ್ವಾಂಸರು 1963ರಲ್ಲಿ ಬರೆದ ಲೇಖನವು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ಹಳ್ಳಿಯವರು ಮೂಢರು, ರೋಗವನ್ನರಿಯರು ಎಂಬುದಾಗಿ ಪಟ್ಟಣದವರ ಎಣಿಕೆ. ನಿಜವಾಗಿ ನೋಡಲು, ಅರ್ಧಕ್ಕೆ ಮಿಕ್ಕ ರೋಗಿಗಳು ತಾವಾಗಿಯೇ ಚಿಕಿತ್ಸೆಯನ್ನರಸಿ ಹೋಗಿದ್ದರು. ಆಸ್ಪತ್ರೆಯಲ್ಲಿ ಅವರಿಗೆ ಸಿಕ್ಕುತ್ತಿದ್ದುದು ಸಾಮಾನ್ಯವಾಗಿ ಒಂದು ಸೀಸೆ ಕೆಮ್ಮಿನ ಔಷಧ! ದೋಷವು ಯಾರದೆಂದು ವಾಚಕರೇ ನಿರ್ಣಯಿಸಬಹುದು. ಕೆಮ್ಮಿನವರ ಕಫವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಕಾರ್ಯವು ಸಾಮಾನ್ಯ ಆಸ್ಪತ್ರೆಯಲ್ಲಿಯೇ ನಡೆಯತಕ್ಕದ್ದೆಂಬ ನಿಯಮಕ್ಕೆ ಇಂತಹ ವಿಚಾರಗಳೇ ಆಧಾರ.

ಆದರೆ ಬರೆದುದೊಂದು, ನಡೆದುದೊಂದು. ಔಷಧವನ್ನು ಪೂರ್ತಿಯಾಗಿ ತೆಗೆದುಕೊಂಡವರು ಅರ್ಧಕ್ಕಿಂತಲೂ ಕಡಮೆಯೆಂದು 1992ರ ವಿಚಾರಣೆಯಲ್ಲಿ ತಿಳಿದುಬಂದಿತು. ಇತ್ತ, ಆರು ತಿಂಗಳಲ್ಲಿಯೇ ಮುಗಿಯುವ ಚಿಕಿತ್ಸೆಯು 1970ರ ದಶಕದಲ್ಲಿ ಪೂರ್ವ ಆಫ್ರಿಕದಲ್ಲಿ ಪರೀಕ್ಷಿಸಲ್ಪಟ್ಟಿದ್ದಿತು. ಟಾಂಜಾನಿಯದಲ್ಲಿ ಸ್ಟಿಬ್ಲೊ ಎಂಬ ವೈದ್ಯರು ಕಫಪರೀಕ್ಷೆ, ರೋಗಿಗಳ ಲೆಕ್ಕದ ಪುಸ್ತಕ, ತಪ್ಪದ ಔಷಧ ಸರಬರಾಜು ಇವುಗಳನ್ನು ಒಂದು ಕಟ್ಟಿಗೆ ತಂದರು. ಆ ಮಾದರಿಯು 1993ರಿಂದ ನಮ್ಮ ದೇಶಕ್ಕೆ ಬಂದಿತು. ರೋಗಿಯು ಗುಳಿಗೆ ನುಂಗುವುದನ್ನು ಕಣ್ಣಾರೆ ನೋಡುವ ಪದ್ಧತಿಯನ್ನಂತೂ ಮದ್ರಾಸಿನಲ್ಲಿ ಎಂದೋ ಪರೀಕ್ಷಿಸಿದ್ದರು. ನಮ್ಮ ಮನೆಯ ಬಿತ್ತನೆ ಪರರ ಹೊಲದಲ್ಲಿ ಬೆಳೆದು ನಮ್ಮ ಕಣಜಕ್ಕೆ ಬಂದಂತಾಯಿತು.

ಈಚೆಗೆ 2023ರಲ್ಲಿ ಮಂಗಳೂರಿನ ವೈದ್ಯರೂ ಮದ್ರಾಸಿನ ಸಂಸ್ಥೆಯವರೂ ಕೂಡಿ ಜಾರ್ಖಂಡಿನಲ್ಲಿ ನಡೆಸಿದ ಪ್ರಯೋಗವು ಪ್ರಕಟವಾಯಿತು. ರೋಗಿಯ ಮನೆಮಂದಿಗೆ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಕೊಟ್ಟುದರಿಂದ ಅವರಲ್ಲಿ ಹೊಸದಾಗಿ ರೋಗ ತಗಲುವುದು ನೂರಕ್ಕೆ ಸುಮಾರು 39ರಷ್ಟು ಕಡಮೆಯಾಯಿತು. ಅಕ್ಕಿಯ ಬದಲು ನಮ್ಮ ರಾಗಿಯನ್ನು ಕೊಟ್ಟು ನೋಡಬೇಕೆಂದು ನನಗೆ ಆಸೆ. ಈಗ ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫಪರೀಕ್ಷೆಯೂ, ರೋಗವಿದ್ದರೆ ಔಷಧವೂ ಧರ್ಮಾರ್ಥವಾಗಿ ಸಿಕ್ಕುತ್ತವೆ. ಆಹಾರಕ್ಕೆಂದು 2018ರಲ್ಲಿ ಮೊದಲಾದ ತಿಂಗಳಿಗೆ 500 ರೂಪಾಯಿಗಳ ಸಹಾಯವನ್ನು 2024ರಲ್ಲಿ 1000ಕ್ಕೆ ಏರಿಸಿದ್ದಾರೆ.