ಮೊದಲು ನಿಲ್ಲಿಸಲು ಕಲಿಯಬೇಕು: ಹೊಸ ಮೋಟಾರ್ ಸೈಕಲ್ ಸವಾರರು ಮತ್ತು ಶಾಲೆ

ಸಾಂಗ್ಲಿ ಜಿಲ್ಲೆಯ ಜತ್ತ, ಮಿರಜ ತಾಲೂಕುಗಳ ಹಳ್ಳಿಗಳಲ್ಲಿ ಮೋಟಾರ್ ಸೈಕಲ್ಲು ನಿತ್ಯದ ವಾಹನ. ಹೊಲಕ್ಕೆ, ಸಂತೆಗೆ, ಕಾಲೇಜಿಗೆ ಅದೇ ಸಾಧನ. ಮಕ್ಕಳು ಅದನ್ನು ಕಲಿಯುವುದು ಬಹುತೇಕ ಮನೆಯ ಹಿರಿಯರನ್ನು ನೋಡಿ. ಹೀಗೆ ಕಲಿತವರಿಗೆ ಗಾಡಿಯನ್ನು ಓಡಿಸುವುದು ಬೇಗನೆ ಕೈವಶವಾಗುತ್ತದೆ. ಆಪತ್ತಿನ ಗಳಿಗೆಯಲ್ಲಿ ಅದನ್ನು ನಿಲ್ಲಿಸುವುದು ಮಾತ್ರ ಬಂದಿರುವುದಿಲ್ಲ. ಅಪಾಯವಿರುವುದು ಇಲ್ಲಿಯೇ. ಗಾಡಿ ಕಲಿಸುವುದು ಶಾಲೆಯ ಕೆಲಸವಲ್ಲ. ಆದರೆ ಕಲಿಯುವ ಕ್ರಮವನ್ನೂ ಅದರ ಕಾರಣವನ್ನೂ ತಿಳಿಸುವುದು ಶಿಕ್ಷಕರಿಗೆ ಸಾಧ್ಯ.

ವಯಸ್ಸು ಮತ್ತು ಪರವಾನಿಗೆ

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮೋಟಾರ್ ಸೈಕಲ್ ನಡೆಸಲು 18 ವರ್ಷ ತುಂಬಿರಬೇಕು. 50 ಸಿ.ಸಿ. ಮೀರದ ಎಂಜಿನ್ ಇರುವ ವಾಹನಕ್ಕೆ ಮಾತ್ರ 16 ವರ್ಷ ಸಾಕು. ಇಂದು ಮನೆಗಳಲ್ಲಿರುವ ಸಾಮಾನ್ಯ ಮೋಟಾರ್ ಸೈಕಲ್ಲುಗಳು 100 ಸಿ.ಸಿ. ಆಸುಪಾಸಿನವು ಅಥವಾ ಅದಕ್ಕಿಂತ ದೊಡ್ಡವು. ಅವುಗಳಿಗೆ ಈ ವಿನಾಯಿತಿ ಅನ್ವಯಿಸದು. 2019ರ ತಿದ್ದುಪಡಿಯಂತೆ ಅಪ್ರಾಪ್ತ ವಯಸ್ಕರು ವಾಹನ ನಡೆಸಿ ತಪ್ಪಿತಸ್ಥರಾದರೆ ಪಾಲಕರು ಅಥವಾ ವಾಹನದ ಮಾಲೀಕರು ಹೊಣೆಗಾರರಾಗುತ್ತಾರೆ. ಅವರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷಗಳವರೆಗೆ ಸೆರೆವಾಸ ಒದಗಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ವಿದ್ಯಾರ್ಥಿಗೆ 25 ವರ್ಷ ತುಂಬುವವರೆಗೆ ಪರವಾನಿಗೆ ದೊರೆಯುವುದಿಲ್ಲ. ಪಾಲಕರ ಸಭೆಯಲ್ಲಿ ಈ ಸಂಗತಿಯನ್ನು ಸ್ಪಷ್ಟವಾಗಿ ತಿಳಿಸುವುದು ಯೋಗ್ಯ.

18 ತುಂಬಿದವರು ಮೊದಲು ಕಲಿಕಾ ಪರವಾನಿಗೆ ಪಡೆಯಬೇಕು. ಮರಾಠಿಯಲ್ಲಿ ಇದಕ್ಕೆ ‘ಶಿಕಾಊ ಪರವಾನಾ’ ಎನ್ನುತ್ತಾರೆ. ಇದರ ಅವಧಿ 6 ತಿಂಗಳು. ಪಡೆದು 30 ದಿನಗಳಾದ ಮೇಲಷ್ಟೇ ಚಾಲನಾ ಪರೀಕ್ಷೆಗೆ ಕೂರಬಹುದು. ಈ ಅವಧಿಯಲ್ಲಿ ಗಾಡಿಯ ಹಿಂದೆ ಮುಂದೆ ಬಿಳಿಯ ಹಲಗೆಯ ಮೇಲೆ ಕೆಂಪು ‘ಎಲ್’ ಅಕ್ಷರವಿರಬೇಕು. ಕಲಿಸುವವರ ಹೊರತು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳಬಾರದು. ಪರವಾನಿಗೆಯು ಇಡೀ ದೇಶಕ್ಕೆ ಸಲ್ಲುತ್ತದೆ. ಮಿರಜದಿಂದ ಮ್ಹೈಸಾಳ ದಾಟಿ ಕಾಗವಾಡಕ್ಕೆ ಹೋಗುವವರಿಗೆ ರಾಜ್ಯ ಬದಲಾದರೂ ಬೇರೆ ಪರವಾನಿಗೆ ಬೇಕಿಲ್ಲ.

ಬಯಲಿನಲ್ಲಿ ಅಭ್ಯಾಸ

ಮೊದಲ ಪಾಠಗಳು ರಸ್ತೆಯಲ್ಲಿ ನಡೆಯಕೂಡದು; ಜನಸಂಚಾರವಿಲ್ಲದ ಸಮತಟ್ಟಾದ ಬಯಲು ಬೇಕು. ಐ.ಎಸ್.ಐ. ಮುದ್ರೆಯ ಹೆಲ್ಮೆಟ್ಟು ತಲೆಗೆ ಬಿಗಿಯಾಗಿ ಕೂತು, ಅದರ ಪಟ್ಟಿಯನ್ನು ಗದ್ದದ ಕೆಳಗೆ ಹಾಕಿರಬೇಕು. ಪಟ್ಟಿ ಹಾಕದ ಹೆಲ್ಮೆಟ್ಟು ಬಿದ್ದ ಕ್ಷಣದಲ್ಲಿ ತಲೆಯಿಂದ ಹಾರಿಹೋಗುತ್ತದೆ.

ಎಂಜಿನ್ ಚಾಲೂ ಮಾಡುವ ಮೊದಲು ಗಾಡಿಯನ್ನು ತಳ್ಳಿಕೊಂಡು ನಡೆದು ಅದರ ಭಾರವನ್ನು ಅರಿಯಬೇಕು. ಅನಂತರ ಮೊದಲ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಡುತ್ತ, ಗಾಡಿ ಮುಂದಕ್ಕೆ ಎಳೆಯತೊಡಗುವ ಬಿಂದುವನ್ನು ಕೈ ಗುರುತಿಸುವಂತೆ ಅಭ್ಯಾಸ ಮಾಡಬೇಕು. ನಾಲ್ಕು ಮಾರು ಹೋಗಿ ನಿಲ್ಲಿಸುವುದು, ಮತ್ತೆ ಹೊರಡುವುದು, ಮತ್ತೆ ನಿಲ್ಲಿಸುವುದು: ಇದೇ ಮೊದಲ ದಿನಗಳ ಪಾಠ. ಎರಡನೆಯ ಗೇರು ಅನಂತರದ ಮಾತು.

ಮುಂದಿನ ಬ್ರೇಕ್ ಹಿಡಿದರೆ ಗಾಡಿ ಪಲ್ಟಿಯಾಗುತ್ತದೆ ಎಂಬ ಭಯ ಹೊಸಬರಲ್ಲಿ ಸಾಮಾನ್ಯ. ವಸ್ತುಸ್ಥಿತಿ ಬೇರೆ. ವೇಗ ತಗ್ಗುವಾಗ ಭಾರವು ಮುಂದಿನ ಗಾಲಿಯ ಮೇಲೆ ಬೀಳುತ್ತದೆ. ಹಿಂದಿನ ಗಾಲಿ ಹಗುರಾಗುತ್ತದೆ. ಆದ್ದರಿಂದ ನಿಲ್ಲಿಸುವ ಶಕ್ತಿಯ ದೊಡ್ಡ ಪಾಲು ಮುಂದಿನ ಬ್ರೇಕಿನದು. ಕೇವಲ ಹಿಂದಿನ ಬ್ರೇಕನ್ನು ತುಳಿದರೆ ಹಿಂದಿನ ಗಾಲಿ ಜಾರಬಹುದು, ನಿಲ್ಲುವ ದೂರವೂ ಹೆಚ್ಚುತ್ತದೆ. ಗಾಡಿಯನ್ನು ನೇರವಾಗಿರಿಸಿ ಎರಡು ಬ್ರೇಕುಗಳನ್ನೂ ಒಟ್ಟಿಗೆ, ಮುಂದಿನದನ್ನು ಹಂತಹಂತವಾಗಿ ಬಿಗಿಗೊಳಿಸುತ್ತ ಹಿಡಿಯಬೇಕು. ತಿರುವಿನಲ್ಲಿ, ಮರಳಿನ ಮೇಲೆ ಥಟ್ಟನೆ ಬ್ರೇಕ್ ಹಿಡಿದರೆ ಗಾಲಿ ಜಾರುವ ಕಾರಣ, ಅಂಥ ಜಾಗಕ್ಕೆ ಮುಂಚೆಯೇ ವೇಗ ಇಳಿಸಬೇಕು.

ತರಗತಿಯಲ್ಲಿ ಒಂದು ಲೆಕ್ಕ

ಚಲನೆಯ ಸಮೀಕರಣಗಳನ್ನು ಕಲಿಸುವಾಗ ಈ ಉದಾಹರಣೆಯನ್ನು ಬಳಸಬಹುದು. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಅಡ್ಡಿಯನ್ನು ಕಂಡು ಬ್ರೇಕ್ ಹಿಡಿಯಲು 1 ಸೆಕೆಂಡು ಬೇಕು ಎಂದುಕೊಂಡರೆ ಅಷ್ಟರಲ್ಲಿ ಗಾಡಿ 10 ಮೀಟರ್ ಸಾಗಿರುತ್ತದೆ. ವೇಗವು ಪ್ರತಿ ಸೆಕೆಂಡಿಗೆ 5 ಮೀಟರಿನಂತೆ ತಗ್ಗಿದರೆ ಪೂರ್ತಿ ನಿಲ್ಲಲು ಮತ್ತೆ 10 ಮೀಟರ್ ಬೇಕು. ಒಟ್ಟು 20 ಮೀಟರ್. ವೇಗವನ್ನು 72 ಕಿ.ಮೀ.ಗೆ ಏರಿಸಿದರೆ ಮೊದಲ ಭಾಗ 20, ಎರಡನೆಯದು 40, ಒಟ್ಟು 60 ಮೀಟರ್. ವೇಗ ಎರಡು ಪಟ್ಟಾದರೆ ದೂರ ಮೂರು ಪಟ್ಟಾಯಿತು.

ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಟ್ರಾಲಿಯೊಂದು ರಾತ್ರಿ ರಸ್ತೆಯಲ್ಲಿ ನಿಂತಿದೆ, ಅದು 40 ಮೀಟರ್ ದೂರದಲ್ಲಿ ಕಣ್ಣಿಗೆ ಬಿತ್ತು ಎಂದುಕೊಳ್ಳಬಹುದು. 36ರ ವೇಗದವರು ಅರ್ಧ ದಾರಿಯಲ್ಲಿಯೇ ನಿಲ್ಲುತ್ತಾರೆ. 72ರ ವೇಗದವರು ಟ್ರಾಲಿಗೆ ಬಡಿಯುವ ಕ್ಷಣದಲ್ಲಿಯೂ ಅವರ ವೇಗ ಗಂಟೆಗೆ ಸುಮಾರು 50 ಕಿ.ಮೀ. ಇರುತ್ತದೆ. ಈ ಅಂಕಿಯನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ಕಂಡುಕೊಳ್ಳುವುದು ಒಳ್ಳೆಯದು.

ಫಲಕಗಳ ಭಾಷೆ

ಈ ಭಾಗದ ರಸ್ತೆಗಳಲ್ಲಿ ಸೂಚನೆಗಳಿರುವುದು ಮರಾಠಿಯಲ್ಲಿ. ‘ಸಾವಕಾಶ’, ‘ಅಪಘಾತ’, ‘ಗತಿರೋಧಕ’ ಎಂಬ ಪದಗಳು ಕನ್ನಡ ಮಕ್ಕಳಿಗೂ ತಿಳಿಯುತ್ತವೆ. ‘ಥಾಂಬಾ’ ಎಂದರೆ ನಿಲ್ಲಿ, ‘ಪುಢೆ ವಳಣ’ ಎಂದರೆ ಮುಂದೆ ತಿರುವು, ‘ಅರುಂದ ಪೂಲ’ ಎಂದರೆ ಕಿರಿದಾದ ಸೇತುವೆ. ಓಡುವ ಗಾಡಿಯ ಮೇಲೆ ಪದದ ಅರ್ಥವನ್ನು ಯೋಚಿಸಲು ಸಮಯವಿರುವುದಿಲ್ಲ. ಆದುದರಿಂದ ಮರಾಠಿ ಪಾಠದ ಒಂದು ತಾಸಿನಲ್ಲಿ ಇವನ್ನು ಚಿತ್ರಸಂಕೇತಗಳೊಡನೆ ಬರೆಯಿಸಬಹುದು. ಕೃಷ್ಣಾ ನದಿಯ ದಂಡೆಯ ಊರುಗಳಲ್ಲಿ ಇನ್ನೊಂದು ಮಾತನ್ನೂ ಸೇರಿಸಬೇಕು: 2005, 2019, 2021ರ ಮಹಾಪೂರಗಳಲ್ಲಿ ಕಂಡಂತೆ ನೀರು ರಸ್ತೆಯನ್ನು ಮುಚ್ಚಿದಾಗ ತಗ್ಗೂ ಅಂಚೂ ಕಾಣವು, ಹರಿಯುವ ನೀರಿಗೆ ಗಾಡಿಯನ್ನು ಇಳಿಸಲೇಬಾರದು.

ಕೊನೆಯ ಚಟುವಟಿಕೆಯಾಗಿ ಶಾಲೆಯ ಅಂಗಳದಲ್ಲಿ ಹಗ್ಗ ಹಿಡಿದು 20 ಮೀಟರ್ ಅಳೆದು ಸುಣ್ಣದ ಗೆರೆ ಎಳೆಯಿಸಬೇಕು. ಅಂಗಳ ಸಾಕಾಗದಿದ್ದರೆ 60 ಮೀಟರಿನ ಗೆರೆಯನ್ನು ಆಟದ ಬಯಲಿನಲ್ಲಿ ಎಳೆಯಿಸಬಹುದು. ಒಂದು ಗೆರೆಯಿಂದ ಇನ್ನೊಂದಕ್ಕೆ ಹೆಜ್ಜೆ ಎಣಿಸುತ್ತ ನಡೆದ ಮಕ್ಕಳು ಆ ದೂರವನ್ನು ಮನೆಯಲ್ಲಿಯೂ ಹೇಳುತ್ತಾರೆ.