ಬಿಲ್ ಬಂತು, ಓದಿದ್ರಾ?

ಹೋಟೆಲಿಗೆ ಹೋಗಿ ಕೂತ ತಕ್ಷಣ ಮೆನು ಕಾರ್ಡ್ ಕೈಗೆ ಬರುತ್ತೆ. ಅದನ್ನು ಹತ್ತು ನಿಮಿಷ ಓದ್ತೀವಿ. ಎಡಗಡೆ ಐಟಂ, ಬಲಗಡೆ ರೇಟು. ಬಲಗಡೆ ನೋಡಿ ಎಡಗಡೆ ಆರ್ಡರ್ ಮಾಡೋರೇ ನಮ್ಮಲ್ಲಿ ಜಾಸ್ತಿ, ಅದರಲ್ಲಿ ನಾಚಿಕೆ ಪಡೋದೇನೂ ಇಲ್ಲ. ಆದ್ರೆ ಊಟ ಮುಗಿದ ಮೇಲೆ, ಸೋಂಪಿನ ಬಟ್ಟಲಿನ ಜೊತೆ ಕಪ್ಪು ಫೋಲ್ಡರಿನೊಳಗೆ ಬಿಲ್ ಬರುತ್ತಲ್ಲ, ಅದನ್ನು ಎಷ್ಟು ಹೊತ್ತು ಓದ್ತೀರಿ? ಕೆಳಗೆ ದಪ್ಪ ಅಕ್ಷರದಲ್ಲಿರೋ ಮೊತ್ತ ನೋಡ್ತೀವಿ, ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿತೀವಿ, ಎದ್ದು ಬರ್ತೀವಿ. ಪಕ್ಕದಲ್ಲಿ ನೆಂಟರು ಕೂತಿರ್ತಾರೆ. ಬಿಲ್ ಮೇಲೆ ಬೆರಳಿಟ್ಟು ಲೆಕ್ಕ ಹಾಕಿದ್ರೆ ಏನಂದುಕೊಂಡಾರು ಅನ್ನೋ ಸಂಕೋಚ ಬೇರೆ.

ಆ ಸಂಕೋಚಕ್ಕೂ ಒಂದು ರೇಟ್ ಇದೆ ಸ್ವಾಮಿ. ಎಷ್ಟು ಅಂತ ನೋಡೋಣ.

ನಾಲ್ಕು ಜನರ ಕುಟುಂಬ, ಭಾನುವಾರದ ರಾತ್ರಿ ಊಟ. ಸೂಪು, ರೋಟಿ, ಪಲ್ಯ, ಬಿರಿಯಾನಿ, ಐಸ್ ಕ್ರೀಂ ಎಲ್ಲಾ ಸೇರಿ 2,000 ರೂಪಾಯಿ ಅಂದುಕೊಳ್ಳಿ. ಅದರ ಕೆಳಗೆ ಒಂದು ಸಾಲು: ಸರ್ವೀಸ್ ಚಾರ್ಜ್ ಶೇ 10, ಅಂದರೆ 200 ರೂಪಾಯಿ. ಈಗ 2,200 ಆಯ್ತು. ಅದರ ಕೆಳಗೆ ಸಿಜಿಎಸ್‌ಟಿ ಶೇ 2.5, ಎಸ್‌ಜಿಎಸ್‌ಟಿ ಶೇ 2.5. ತಲಾ 55 ರೂಪಾಯಿ, ಒಟ್ಟು 110. ಬಿಲ್ 2,310 ರೂಪಾಯಿ. ಇಲ್ಲೊಂದು ಸೂಕ್ಷ್ಮ ಗಮನಿಸಿ. 2,000 ರೂಪಾಯಿ ಊಟಕ್ಕೆ ಶೇ 5ರ ಲೆಕ್ಕದಲ್ಲಿ ತೆರಿಗೆ 100 ಆಗಬೇಕಿತ್ತು. ಆದ್ರೆ ಕೊಟ್ಟಿದ್ದು 110. ಯಾಕೆ? ಸರ್ವೀಸ್ ಚಾರ್ಜ್ ಮೇಲೂ ಜಿಎಸ್‌ಟಿ ಬಿತ್ತು. ಸರ್ವೀಸ್ ಚಾರ್ಜ್ ಇಲ್ಲದಿದ್ರೆ ಬಿಲ್ 2,100ಕ್ಕೆ ಮುಗೀತಿತ್ತು. ವ್ಯತ್ಯಾಸ 210 ರೂಪಾಯಿ. ಇನ್ನೊಂದು ಸಲ ನಾಲ್ಕೂ ಜನ ಮಸಾಲೆ ದೋಸೆ ತಿನ್ನೋ ದುಡ್ಡು.

ಈಗ ಅಸಲಿ ಪ್ರಶ್ನೆ. ಜಿಎಸ್‌ಟಿ ಸರ್ಕಾರಕ್ಕೆ ಹೋಗುತ್ತೆ. ಈ ಸರ್ವೀಸ್ ಚಾರ್ಜ್ ಯಾರಿಗೆ ಹೋಗುತ್ತೆ?

ನಮ್ಮ ಜನ ಅದನ್ನೂ ಸರ್ಕಾರದ ತೆರಿಗೆ ಅಂತಲೇ ತಿಳ್ಕೊಂಡಿದ್ದಾರೆ. ಹಾಗೆ ತಿಳ್ಕೊಳ್ಳೋಕೆ ಕಾರಣವೂ ಇದೆ. ಜಿಎಸ್‌ಟಿ ಬರೋಕೆ ಮುಂಚೆ, 2017ರ ಜೂನ್ ತನಕ, ಎಸಿ ಹೋಟೆಲಿನ ಬಿಲ್‌ನಲ್ಲಿ ಸರ್ವೀಸ್ ಟ್ಯಾಕ್ಸ್ ಅಂತ ಇರ್ತಿತ್ತು. ಅದು ನಿಜವಾಗ್ಲೂ ಕೇಂದ್ರ ಸರ್ಕಾರದ ತೆರಿಗೆ. ಅದರ ಪಕ್ಕದಲ್ಲೇ ಸರ್ವೀಸ್ ಚಾರ್ಜ್ ಅಂತ ಇನ್ನೊಂದು ಸಾಲು. ಹೆಸರು ಅಣ್ಣ-ತಮ್ಮ ಇದ್ದ ಹಾಗೆ. ಒಂದು ಖಜಾನೆಗೆ, ಇನ್ನೊಂದು ಗಲ್ಲಾಪೆಟ್ಟಿಗೆಗೆ. ಗಿರಾಕಿ ಪಾಪ ಎರಡನ್ನೂ ಒಂದೇ ಅಂದುಕೊಂಡು ಕೊಟ್ಟ. 2017ರ ಜುಲೈ 1ಕ್ಕೆ ಸರ್ವೀಸ್ ಟ್ಯಾಕ್ಸ್ ಸತ್ತೇ ಹೋಯ್ತು, ಜಿಎಸ್‌ಟಿಯಲ್ಲಿ ಸೇರಿಹೋಯ್ತು. ಸರ್ವೀಸ್ ಚಾರ್ಜ್ ಮಾತ್ರ ಬದುಕುಳೀತು. ಅದು ತೆರಿಗೆ ಅಲ್ಲ. ಯಾವ ಕಾನೂನೂ ಅದನ್ನು ಕಟ್ಟಿ ಅಂತ ನಿಮಗೆ ಹೇಳಿಲ್ಲ. ಅದು ಮಾಲೀಕರು ಹಾಕಿಕೊಂಡ ಸಾಲು.

ಸರ್ಕಾರ ಇದನ್ನು ನೋಡಿಲ್ಲ ಅಂತ ಅಲ್ಲ. ಸರ್ವೀಸ್ ಚಾರ್ಜ್ ಗ್ರಾಹಕರ ಇಷ್ಟಕ್ಕೆ ಬಿಟ್ಟದ್ದು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2017ರ ಏಪ್ರಿಲ್‌ನಲ್ಲೇ ಹೇಳ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು, ಅದರಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಂದರೆ ಸಿಸಿಪಿಎ ಹುಟ್ಟಿಕೊಳ್ತು. ಈ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಅದರ ಸಾರ ಇಷ್ಟು: ಹೋಟೆಲ್ ಆಗಲಿ ರೆಸ್ಟೋರೆಂಟ್ ಆಗಲಿ ಸರ್ವೀಸ್ ಚಾರ್ಜನ್ನು ತಾನಾಗಿ ಬಿಲ್‌ಗೆ ಸೇರಿಸೋ ಹಾಗಿಲ್ಲ. ಬೇರೆ ಹೆಸರಿಟ್ಟು ವಸೂಲಿ ಮಾಡೋ ಹಾಗೂ ಇಲ್ಲ. ಕೊಡಲ್ಲ ಅಂದವರನ್ನು ಒಳಗೆ ಬಿಡದೇ ಇರೋದು, ಸರ್ವೀಸ್ ಕೊಡದೇ ಇರೋದು ತಪ್ಪು. ಅದನ್ನು ಊಟದ ಮೊತ್ತಕ್ಕೆ ಸೇರಿಸಿ ಅದರ ಮೇಲೆ ಜಿಎಸ್‌ಟಿ ಹಾಕೋದೂ ತಪ್ಪು.

ಮಾಲೀಕರ ಎರಡು ದೊಡ್ಡ ಸಂಘಟನೆಗಳು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದವು. ಒಂದು ನ್ಯಾಷನಲ್ ರೆಸ್ಟೋರೆಂಟ್ ಅಸೋಸಿಯೇಷನ್, ಇನ್ನೊಂದು ಹೋಟೆಲ್ ಮತ್ತು ರೆಸ್ಟೋರೆಂಟ್ ಸಂಘಗಳ ಒಕ್ಕೂಟ. ಹದಿನಾರೇ ದಿನಕ್ಕೆ, ಅದೇ ಜುಲೈ 20ಕ್ಕೆ, ತಡೆಯಾಜ್ಞೆ ಸಿಕ್ತು. ಕೇಸ್ ನಡೆಯೋ ಹೊತ್ತಲ್ಲಿ ‘ಸ್ಟಾಫ್ ಕಾಂಟ್ರಿಬ್ಯೂಷನ್’ ಅನ್ನೋ ಹೊಸ ಹೆಸರೂ ಚಾಲ್ತಿಗೆ ಬಂತು. ಕೊನೆಗೆ 2025ರ ಮಾರ್ಚ್ 28ರಂದು ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ತೀರ್ಪು ಕೊಟ್ಟರು. ಸಿಸಿಪಿಎ ಮಾರ್ಗಸೂಚಿ ಸರಿಯಾಗೇ ಇದೆ, ಕಡ್ಡಾಯವಾಗಿ ಸರ್ವೀಸ್ ಚಾರ್ಜ್ ವಸೂಲಿ ಮಾಡೋದು ಕಾನೂನಿಗೆ ವಿರುದ್ಧ. ಎರಡೂ ಸಂಘಟನೆಗಳಿಗೆ ತಲಾ ಒಂದು ಲಕ್ಷ ರೂಪಾಯಿ ಖರ್ಚನ್ನೂ ಹಾಕಿದರು. ಗಿರಾಕಿ ಖುಷಿಯಿಂದ ಟಿಪ್ಸ್ ಕೊಟ್ಟರೆ ಅದಕ್ಕೆ ಯಾರ ಅಡ್ಡಿಯೂ ಇಲ್ಲ, ಅದು ಬೇರೆ ಮಾತು.

ತೀರ್ಪು ಬಂದ ಮೇಲೂ ದುಡ್ಡು ವಾಪಸ್ ಕೊಡದ ದೆಹಲಿಯ ಐದು ರೆಸ್ಟೋರೆಂಟ್‌ಗಳ ಮೇಲೆ ಪ್ರಾಧಿಕಾರ ತಾನಾಗಿಯೇ ಕ್ರಮಕ್ಕೆ ಮುಂದಾಯ್ತು. ಮಾಲೀಕರೂ ಸುಮ್ಮನಾಗಲಿಲ್ಲ, ವಿಭಾಗೀಯ ಪೀಠಕ್ಕೆ ಮೇಲ್ಮನವಿ ಹಾಕಿದರು.

ಈಗ ಹೋಟೆಲ್‌ನವರ ಮಾತೂ ಕೇಳಬೇಕು, ಇಲ್ಲದಿದ್ರೆ ಅದು ನ್ಯಾಯ ಅಲ್ಲ. ಅವರು ಹೇಳೋದು ಹೀಗೆ: ಟಿಪ್ಸ್ ಅಂದ್ರೆ ಸಪ್ಲೈಯರ್ ಜೇಬಿಗೆ ಮಾತ್ರ ಹೋಗುತ್ತೆ. ಒಳಗೆ ಬೆಂಕಿ ಮುಂದೆ ನಿಂತ ಭಟ್ಟರಿಗೆ, ಪಾತ್ರೆ ತೊಳೆಯೋ ಹೆಂಗಸಿಗೆ, ಟೇಬಲ್ ಒರೆಸೋ ಹುಡುಗನಿಗೆ ಏನು ಸಿಗುತ್ತೆ? ಸರ್ವೀಸ್ ಚಾರ್ಜ್ ಆದ್ರೆ ಎಲ್ಲರಿಗೂ ಹಂಚಬಹುದು. ಮಾತು ಕೇಳೋಕೆ ಚೆನ್ನಾಗಿದೆ. ಒಳಗೆ ದುಡಿಯೋರ ಮುಖವನ್ನು ನಾವು ಯಾರೂ ನೋಡಿರಲ್ಲ ಅನ್ನೋದೂ ನಿಜ. ಆದ್ರೆ ಹಂಚಿದ್ದಾರೋ ಇಲ್ವೋ ಅಂತ ಬಿಲ್ ಕಟ್ಟಿದ ನಿಮಗೆ ಗೊತ್ತಾಗೋದು ಹೇಗೆ? ಬಿಲ್‌ನಲ್ಲಿ ಅದರ ಲೆಕ್ಕ ಇರಲ್ಲ. ಅದಕ್ಕಿಂತ ಮುಖ್ಯವಾಗಿ, ಕೆಲಸದವರಿಗೆ ಸಂಬಳ ಕೊಡೋದು ಯಾರ ಜವಾಬ್ದಾರಿ? ಬಟ್ಟೆ ಅಂಗಡಿಯಲ್ಲಿ ಹತ್ತು ಸೀರೆ ಬಿಚ್ಚಿ ತೋರಿಸಿದ ಹುಡುಗಿಯ ಸಂಬಳ ಅಂತ ಬಿಲ್ ಕೆಳಗೆ ಬೇರೆ ಸಾಲು ಹಾಕ್ತಾರಾ? ಕರ್ನಾಟಕದಲ್ಲಿ ಹೋಟೆಲ್ ಕಾರ್ಮಿಕರಿಗೆ ಕನಿಷ್ಠ ವೇತನ ನಿಗದಿಯಾಗಿದೆ. ಅದನ್ನು ಕೊಡಬೇಕಾದ್ದು ಮಾಲೀಕರು. ಅದಕ್ಕೆ ಗಿರಾಕಿ ಕೊಡೋದು ದೋಸೆಯ ರೇಟಲ್ಲೇ ಸೇರಿರಬೇಕು.

ಅವರ ಇನ್ನೊಂದು ಕಷ್ಟ ಇದೆ, ಅದು ನ್ಯಾಯವಾದ ಕಷ್ಟ. ಜಿಎಸ್‌ಟಿ ಬಂದ ಹೊಸದರಲ್ಲಿ ಎಸಿ ರೆಸ್ಟೋರೆಂಟ್‌ಗೆ ಶೇ 18, ಎಸಿ ಇಲ್ಲದಿದ್ದರೆ ಶೇ 12 ಇತ್ತು. ಜನ ಬಾಯಿ ಬಾಯಿ ಬಡ್ಕೊಂಡರು. 2017ರ ನವೆಂಬರ್ 15ರಿಂದ ಎರಡಕ್ಕೂ ಶೇ 5 ಮಾಡಿದರು. ನಮಗೆ ಖುಷಿ. ಆದ್ರೆ ಅದೇ ಏಟಿಗೆ ಹೋಟೆಲ್‌ನವರ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಕಿತ್ತುಕೊಂಡರು. ಹಾಗಂದ್ರೆ ಏನು? ಅಡುಗೆಮನೆಗೆ ಬರೋ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಮೇಲೆ ಅವರು ಶೇ 18 ಜಿಎಸ್‌ಟಿ ಕಟ್ತಾರೆ. ಕಟ್ಟಡದ ಬಾಡಿಗೆ ಮೇಲೂ ಕಟ್ತಾರೆ. ಮೊದಲು ಅದನ್ನು ನಮ್ಮಿಂದ ವಸೂಲಿ ಮಾಡಿದ ತೆರಿಗೆಯಲ್ಲಿ ಕಳೆದು, ಉಳಿದದ್ದನ್ನು ಸರ್ಕಾರಕ್ಕೆ ಕೊಡಬಹುದಿತ್ತು. ಈಗ ಇಲ್ಲ. ಕಟ್ಟಿದ್ದು ಕಟ್ಟಿದ ಹಾಗೇ. ಹೀಗಾಗಿ ಖರ್ಚು ಏರಿದೆ ಅನ್ನೋ ಅವರ ಮಾತಲ್ಲಿ ಸುಳ್ಳಿಲ್ಲ.

ಸರಿ, ಖರ್ಚು ಏರಿದ್ರೆ ಮೆನುವಿನಲ್ಲೇ ರೇಟ್ ಏರಿಸಿ. ಅದಕ್ಕೆ ಯಾರು ಬೇಡ ಅಂದ್ರು? ಒಂದು ಕಾಲ ಇತ್ತು, ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗೆ ಸರ್ಕಾರವೇ ದರ ಕಟ್ಟಿತ್ತು. ಆ ದರಕ್ಕೆ ಕೊಡೋಕಾಗದೆ ಬೆಂಗಳೂರಿನ ಎಂಟಿಆರ್ ತನ್ನ ಹೋಟೆಲನ್ನೇ ಕೆಲ ಕಾಲ ಮುಚ್ಚಿ, ರೆಡಿ ಮಿಕ್ಸ್ ವ್ಯಾಪಾರದ ಕಡೆ ತಿರುಗಿತು. ಇವತ್ತು ಅಂಥ ಕಟ್ಟುಪಾಡಿಲ್ಲ. ಮಸಾಲೆ ದೋಸೆಗೆ 80 ಹಾಕಿ, 180 ಹಾಕಿ, ನಿಮ್ಮಿಷ್ಟ. ಬೇಕಾದವನು ತಿಂತಾನೆ, ಬೇಡದವನು ಪಕ್ಕದ ಹೋಟೆಲಿಗೆ ಹೋಗ್ತಾನೆ. ಆದ್ರೆ 180 ಅಂತ ಬರೆದು 198 ತಗೊಳ್ಳೋದು ಬೇರೆ. ಕಾರ್ಡ್ ನೋಡಿ ನಾನು ಒಪ್ಪಿದ್ದು 180ಕ್ಕೆ. ಉಳಿದ 18ರ ವಿಷಯ ತಿಂದು ಕೈ ತೊಳೆದ ಮೇಲೆ ಗೊತ್ತಾದ್ರೆ, ಒಪ್ಪಿಗೆ ಎಲ್ಲಿಂದ ಬಂತು?

ನೀರಿನ ಬಾಟಲಿಯದ್ದೂ ಒಂದು ಕಥೆ ಇದೆ. 20 ರೂಪಾಯಿ ಎಂಆರ್‌ಪಿ ಇರೋ ನೀರನ್ನು ದೊಡ್ಡ ರೆಸ್ಟೋರೆಂಟ್‌ನಲ್ಲಿ 60ಕ್ಕೋ 80ಕ್ಕೋ ಮಾರ್ತಾರಲ್ಲ, ಇದು ಮೋಸ ಅಲ್ವಾ ಅಂತ ಬಹಳ ಜನ ಕೇಳ್ತಾರೆ. ಕಾನೂನು ಪ್ರಕಾರ ಅಲ್ಲ. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ: ಹೋಟೆಲಿಗೆ ಯಾರೂ ಬರೀ ನೀರಿನ ಬಾಟಲಿ ಕೊಳ್ಳೋಕೆ ಹೋಗಲ್ಲ, ಅಲ್ಲಿನ ಜಾಗ, ವಾತಾವರಣ, ಸೇವೆ ಎಲ್ಲಾ ಸೇರಿ ಬೆಲೆ, ಹಾಗಾಗಿ ಎಂಆರ್‌ಪಿಗಿಂತ ಹೆಚ್ಚು ತಗೊಂಡ್ರೆ ತಪ್ಪಿಲ್ಲ. ಆಯ್ತಪ್ಪ, ಒಪ್ಪೋಣ. ಹಾಗಾದ್ರೆ 20ರ ನೀರಿಗೆ 80 ಕೊಟ್ಟಾಗ ಆ 60 ರೂಪಾಯಿ ಸೇವೆಗೆ ತಾನೇ ಕೊಟ್ಟಿದ್ದು? ಆಮೇಲೆ ಅದೇ 80ರ ಮೇಲೆ ಇನ್ನೊಂದು ಶೇ 10 ಸೇವೆಗೆ ಅಂದ್ರೆ, ಒಂದೇ ಸೇವೆಗೆ ಎರಡು ಸಲ ದುಡ್ಡು. ಬಾಟಲಿ ಬೇಡದಿದ್ರೆ ಮಾಮೂಲಿ ನೀರು ಕೊಡಿ ಅಂತ ಕೇಳಿ. ಸಪ್ಲೈಯರ್ ‘ಬಿಸ್ಲೇರಿನಾ ಸಾರ್?’ ಅಂದ ತಕ್ಷಣ ತಲೆಯಾಡಿಸಬೇಕು ಅಂತೇನಿಲ್ಲ.

ಬೆಂಗಳೂರಿನ ದರ್ಶಿನಿಗಳಲ್ಲಿ ಈ ತಲೆನೋವೇ ಇಲ್ಲ ನೋಡಿ. ಮೊದಲು ದುಡ್ಡು, ಆಮೇಲೆ ಟೋಕನ್, ನಿಂತು ತಿಂದು ಹೊರಡೋದು. ಎಷ್ಟೋ ಕಡೆ ಬೋರ್ಡ್ ಮೇಲಿನ ರೇಟಲ್ಲೇ ತೆರಿಗೆ ಸೇರಿರುತ್ತೆ. ಹೊಟ್ಟೆ ಹಸಿದು ಬಂದವನಿಗೆ ಜೇಬಿನಿಂದ ಎಷ್ಟು ಹೋಗುತ್ತೆ ಅಂತ ತಿನ್ನೋ ಮುಂಚೆಯೇ ಗೊತ್ತು.

ಚಿಕ್ಕ ಹೋಟೆಲ್‌ಗಳ ವಿಷಯಕ್ಕೆ ಬಂದೆವಾದ್ದರಿಂದ ಇನ್ನೊಂದು ಮಾತು. ಜಿಎಸ್‌ಟಿ ಅಂತ ಬಿಲ್‌ನಲ್ಲಿ ಬರೆದ ಮಾತ್ರಕ್ಕೆ ಎಲ್ಲರಿಗೂ ಅದನ್ನು ವಸೂಲಿ ಮಾಡೋ ಹಕ್ಕಿಲ್ಲ. ವರ್ಷದ ವಹಿವಾಟು 20 ಲಕ್ಷದ ಒಳಗಿದ್ದು ನೋಂದಣಿಯೇ ಆಗದ ಹೋಟೆಲ್ ಒಂದು ಪೈಸೆ ಜಿಎಸ್‌ಟಿ ಕೇಳೋ ಹಾಗಿಲ್ಲ. ಇನ್ನು ಒಂದೂವರೆ ಕೋಟಿ ತನಕ ವಹಿವಾಟು ಇರೋರಿಗೆ ಕಾಂಪೋಸಿಷನ್ ಅಂತ ಒಂದು ಸ್ಕೀಮ್ ಇದೆ. ಅದಕ್ಕೆ ಸೇರಿದವರು ವಹಿವಾಟಿನ ಶೇ 5ನ್ನು ಸ್ವಂತ ಜೇಬಿನಿಂದ ಕಟ್ಟಬೇಕು, ಗಿರಾಕಿ ಹತ್ತಿರ ಬೇರೆಯಾಗಿ ತಗೊಳ್ಳೋ ಹಾಗಿಲ್ಲ. ಅವರು ಕೊಡಬೇಕಾದ್ದು ‘ಬಿಲ್ ಆಫ್ ಸಪ್ಲೈ’. ತಾನು ಕಾಂಪೋಸಿಷನ್ ತೆರಿಗೆದಾರ, ತೆರಿಗೆ ವಸೂಲಿ ಮಾಡುವಂತಿಲ್ಲ ಅಂತ ಅದರ ತಲೆಯ ಮೇಲೆ ಅಚ್ಚಾಗಿರಬೇಕು. ಹೀಗಿದ್ದೂ ಕೆಳಗೆ ಜಿಎಸ್‌ಟಿ ಹಾಕಿದ್ರೆ ಅದು ನೇರವಾಗಿ ನಿಮ್ಮ ಜೇಬಿಗೆ ಕೈ ಹಾಕಿದ ಹಾಗೆ.

ಕಂಡುಹಿಡಿಯೋದು ಕಷ್ಟ ಏನಲ್ಲ. ಬಿಲ್ ಮೇಲೆ 15 ಅಕ್ಷರ-ಅಂಕಿಗಳ ಜಿಎಸ್‌ಟಿ ನಂಬರ್ ಇರುತ್ತೆ. ಕರ್ನಾಟಕದ್ದಾದ್ರೆ 29ರಿಂದ ಶುರು. ಆ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದ್ರೆ ಯಾರ ಹೆಸರಲ್ಲಿದೆ, ಚಾಲ್ತಿಯಲ್ಲಿದೆಯಾ, ಕಾಂಪೋಸಿಷನ್ನಾ ಮಾಮೂಲಿಯಾ ಎಲ್ಲಾ ತೋರಿಸುತ್ತೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ನಮ್ಮ ಬೇಕರಿ, ಕಾಂಡಿಮೆಂಟ್ಸ್‌ನವರು ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದ್ದು ನೆನಪಿದೆಯಲ್ಲ? ಅಂಥ ಸಣ್ಣ ವ್ಯಾಪಾರಿಯ ಭಯ ಬೇರೆ. ಎಸಿ ಹಾಕಿ, ಕಂಪ್ಯೂಟರ್ ಬಿಲ್ ಕೊಟ್ಟು, ಇಲ್ಲದ ತೆರಿಗೆ ವಸೂಲಿ ಮಾಡೋನ ಜಾಣತನ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ಬಿಲ್‌ನಲ್ಲಿ ಶೇ 18 ಜಿಎಸ್‌ಟಿ ಕಂಡ ತಕ್ಷಣ ಜಗಳಕ್ಕೂ ನಿಲ್ಲಬೇಡಿ. ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ರೂಮ್ ಇರೋ ದೊಡ್ಡ ಹೋಟೆಲಿನೊಳಗಿನ ರೆಸ್ಟೋರೆಂಟ್ ಆದ್ರೆ ಶೇ 18 ಸರಿಯೇ. ಮದ್ಯ ಜಿಎಸ್‌ಟಿ ಒಳಗೇ ಬರಲ್ಲ, ಹಾಗಾಗಿ ಬಾರ್ ಇರೋ ಕಡೆ ಅದರ ಲೆಕ್ಕ ಬೇರೆ ಇರಬೇಕು. ಅದರ ಮೇಲೆ ಜಿಎಸ್‌ಟಿ ಹಾಕಿದ್ರೆ ಕೇಳಿ. ಹಾಗೇ 2022ರ ಜನವರಿಯಿಂದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಬಿಲ್ ಮೇಲೆ ಇರಲೇಬೇಕು. ಊಟದಲ್ಲಿ ಹುಳ ಸಿಕ್ಕಾಗ ದೂರು ಕೊಡೋಕೆ ಬೇಕಾಗೋದು ಆ ನಂಬರ್.

ಸರ್ವೀಸ್ ಚಾರ್ಜ್ ಹಾಕಿದ್ರೆ ಏನು ಮಾಡಬೇಕು? ಸಪ್ಲೈಯರ್ ಮೇಲೆ ರೇಗಬೇಡಿ, ಆ ಸಾಲನ್ನು ಬರೆದೋನು ಅವನಲ್ಲ. ಮ್ಯಾನೇಜರನ್ನು ಕರೆದು ‘ಸರ್ವೀಸ್ ಚಾರ್ಜ್ ತೆಗೆದು ಬೇರೆ ಬಿಲ್ ಕೊಡಿ’ ಅಂತ ಮೆತ್ತಗೆ ಹೇಳಿ. ಬಹಳ ಕಡೆ ಅಷ್ಟಕ್ಕೇ ತೆಗೀತಾರೆ, ಯಾಕಂದ್ರೆ ಅವರಿಗೂ ಗೊತ್ತಿದೆ. ಒಪ್ಪಲಿಲ್ಲ ಅಂದ್ರೆ ಬಿಲ್ ಕಟ್ಟಿ, ಬಿಲ್ ಜೋಪಾನವಾಗಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಧಿಕಾರಿಗೆ ದೂರು ಕೊಡೋಕೂ ಮಾರ್ಗಸೂಚಿಯಲ್ಲೇ ಅವಕಾಶ ಇದೆ. ಉಳಿದ 210 ರೂಪಾಯಿಯಲ್ಲಿ ಐವತ್ತೋ ನೂರೋ, ಬಿಸಿ ರೋಟಿ ಓಡಿ ಓಡಿ ತಂದುಕೊಟ್ಟನಲ್ಲ, ಆ ಹುಡುಗನ ಕೈಗೇ ಕೊಡಿ, ನೋಟಲ್ಲಿ. ಕ್ಯೂಆರ್ ಕೋಡಿಗೆ ಹಾಕಿದ್ರೆ ಅದು ಗಲ್ಲಾದವರ ಖಾತೆಗೆ ಹೋಗುತ್ತೆ.